ಅವ್ವನ ನರಳು

"ಅಳು ಅಂದ್ರೆ ಅಳಬೇಕು ಕಣೇ, ಕರಿ ಮುಂಡೆ! ಮೀನು ಮಾರೋಳ ಥರ ಕೂಗ್ತಿದೀಯಲ್ಲ!"

ಗಾಜಿನ ಆಚೆ ಕೂತಿದ್ದ ಕ್ರೌಸ್ ಸಾಹೇಬನ ದನಿ ಸ್ಪೀಕರಿನಿಂದ ನನ್ನ ನೆತ್ತಿಯ ಮೇಲೆ ಬಿತ್ತು. ಅದು ಹತ್ತೊಂಬತ್ತನೆಯ ಸಲ. ಬೆಳಿಗ್ಗೆಯಿಂದ ಒಂದೇ ಹಾಡು, ಗಂಡ ಬಿಟ್ಟುಹೋದ ಹೆಂಗಸಿನ ಹಾಡು, ಸಾಹೇಬನೇ ಬರೆದದ್ದು. ನನ್ನ ಗಂಡ ಬಿಟ್ಟುಹೋದ ದಿನ ನಾನು ಕೋಳಿ ಕೊಯ್ದು ಉಂಡಿದ್ದೆ. ಅಳು ಎಲ್ಲಿಂದ ತರಲಿ?

ಮೆಂಫಿಸ್ ನಗರದ ದಕ್ಷಿಣದ ಅಂಚಿನಲ್ಲಿ ಹಳೆಯ ಟೈರು ಗೋದಾಮೊಂದಿತ್ತು, ಅದೇ ಕ್ರೌಸ್ ಹಾಡು ಮುದ್ರಿಸುವ ಸ್ಟುಡಿಯೊ. ವಾರವೆಲ್ಲ ಹೋಟೆಲೊಂದರ ಹಾಸಿಗೆ ಬಟ್ಟೆ ಒಗೆದು, ಶನಿವಾರ ಅಲ್ಲಿಗೆ ಹೋಗಿ ಬೇರೆಯವರ ಹಾಡಿನ ಹಿಂದೆ ಊ ಊ ಅನ್ನುವುದು ನನ್ನ ಕೆಲಸ. ಮುಂದೆ ನಿಲ್ಲಿಸಿ ಹಾಡಿಸಿದ್ದು ಅದೇ ಮೊದಲು. ಅರವತ್ತಾರರ ಬೇಸಿಗೆ. ಬಿಳಿಯ ವಾದಕರೂ ನಮ್ಮವರೂ ಒಳಗೆ ಹೆಗಲಿಗೆ ಹೆಗಲು ತಾಗಿಸಿ ನುಡಿಸುತ್ತಿದ್ದರು. ಊಟದ ಹೊತ್ತಿಗೆ ಅವರು ರಸ್ತೆಯಾಚೆಯ ಹೋಟೆಲಿಗೆ ಹೋಗುತ್ತಿದ್ದರು, ನಾವು ಸ್ಟುಡಿಯೊದ ನೆಲದ ಮೇಲೇ ಕೂತು ತಿನ್ನುತ್ತಿದ್ದೆವು. ಕರಿಯರನ್ನೂ ಒಳಗೆ ಬಿಡಬೇಕು ಎಂದು ಕಾನೂನು ಬದಲಾಗಿ ಎರಡು ವರ್ಷವಾಗಿತ್ತು. ಹೋಟೆಲಿನವನ ಮೂತಿ ಬದಲಾಗಿರಲಿಲ್ಲ.

"ಬಾ ಅರ್ಜೆಲ್ಲಾ, ಒಂದು ತುತ್ತು ತಿನ್ನು. ಆ ಸೂಳೇಮಗ ಹಿಂಗ ಒದರಾಂವನ," ಅಂದ ಲಿಯೋಟಿಸ್. ಆರ್ಗನ್ ನುಡಿಸುವವನು, ನನ್ನ ಊರಿನವನೇ, ನನ್ನ ಚರ್ಚಿನಲ್ಲೇ ಬೆಳೆದವನು.

ಮೆಕ್ಕೆಜೋಳದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಲಿಯೋಟಿಸ್ ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯನ್ನು ಆರ್ಗನ್ನಿನ ಮೇಲೆ ಸುಮ್ಮನೆ ಇಟ್ಟಿದ್ದ. ಒಂದೇ ಸ್ವರ ಗುಂಯ್ ಎಂದು ನಿಂತಿತ್ತು. ಅರಳೆ ಗಿರಣಿಯ ಬೆಲ್ಟು ತಿರುಗುವಾಗ ಬರುವ ಸದ್ದೂ ಹಾಗೇ ಇರುತ್ತದೆ. ನನಗೆ ತಿಳಿಯದ ಹಾಗೆ ಎದೆಯಿಂದ ಅವ್ವನ ನರಳು ಎದ್ದಿತು.

ನಮ್ಮ ಚರ್ಚಿನಲ್ಲಿ ಮಾತು ಸಾಲದಾದಾಗ ನರಳುತ್ತೇವೆ. ತುಟಿ ಮುಚ್ಚಿ ಹೊಟ್ಟೆಯಿಂದ ಎತ್ತುವ ಉದ್ದನೆಯ ದನಿ ಅದು. ಯಾರೇ ಎತ್ತಲಿ, ಅದನ್ನು ಒಂಟಿಯಾಗಿ ಬಿಡುವಂತಿಲ್ಲ, ಪಕ್ಕದವರು ದನಿ ಕೊಡಲೇಬೇಕು. ಲಿಯೋಟಿಸ್ ರೊಟ್ಟಿ ಕೆಳಗಿಟ್ಟು ಎರಡೂ ಕೈಯಲ್ಲಿ ಆಸರೆ ಕೊಟ್ಟ. ಆಸರೆ ಸಿಕ್ಕ ಮೇಲೆ ನಡುವೆ ನಿಲ್ಲಿಸುವುದನ್ನು ನಮಗೆ ಯಾರೂ ಕಲಿಸಿಲ್ಲ. ಕಣ್ಣು ಮುಚ್ಚಿ ಕೊನೆಯವರೆಗೂ ನರಳಿದೆ. ಅವ್ವನ ಮಾತೂ ಬಂದುಬಿಟ್ಟಿತು: "ಅವನ್ನ ನನಗ ಕೊಡ್ರಿ... ಅವನ್ನ ನನಗ ಕೊಡ್ರಿ..."

ಕಣ್ಣು ಬಿಟ್ಟಾಗ ಗೋಡೆಯ ಕೆಂಪು ದೀಪ ಉರಿಯುತ್ತಿತ್ತು. ಊಟಕ್ಕೆ ಹೋಗಿದ್ದಾನೆ ಅಂದುಕೊಂಡಿದ್ದ ಕ್ರೌಸ್ ಗಾಜಿನ ಹಿಂದೆ ನಿಂತು ನಗುತ್ತಿದ್ದ. ಟೇಪು ತಿರುಗುತ್ತಿತ್ತು.

"ಸಾಹೇಬ್ರ, ಅದು ಬ್ಯಾಡ್ರಿ. ಅದು ಹಾಡಲ್ಲ, ನಮ್ಮವ್ವಂದು," ಅಂದೆ.

"ನಿಮ್ಮವ್ವ ಎಲ್ಲಾದ್ರೂ ಬರೆದಿಟ್ಟಿದಾಳಾ? ಅವಳ ಹೆಸರಲ್ಲಿ ಕಾಗದ ಇದ್ಯಾ?"

"ಅವ್ವಗ ಓದಾಕ ಬರೀಯಾಕ ಬರಂಗಿಲ್ರಿ."

"ಹಾಗಾದ್ರೆ ಸರಿಹೋಯ್ತು. ಆ 'ಅವನ್ನ' ಅನ್ನೋದು ಬೇಡ. 'ನಿನ್ನ' ಅಂತ ಮಾಡು. ನಿನ್ನ ನನಗೆ ಕೊಡು. ನಲ್ಲನಿಗೆ ಹೇಳ್ದಂಗೆ."

ಆಗ ನಮ್ಮ ಕಡೆಯ ಹಾಡುಗಳು ಬಹುಪಾಲು ಹೀಗೇ ಹುಟ್ಟುತ್ತಿದ್ದವು. ಚರ್ಚಿನ ಹಾಡಿನಿಂದ ದೇವರನ್ನು ಎಬ್ಬಿಸಿ ಆ ಜಾಗದಲ್ಲಿ ನಲ್ಲನನ್ನು ಕೂರಿಸುವುದು. ರೇಡಿಯೊದವರು ಅದಕ್ಕೆ ಸೋಲ್ ಎಂದು ಹೆಸರಿಟ್ಟರು, ಆತ್ಮ ಎಂದು ಅರ್ಥ. ನಾನೂ ಹಾಡಿದ್ದೇನೆ, ಹಾಡಿ ಹಿಗ್ಗಿದ್ದೇನೆ. ಆದರೆ ಅವ್ವನ ನರಳಿನಲ್ಲಿ ದೇವರೂ ಇರಲಿಲ್ಲ, ನಲ್ಲನೂ ಇರಲಿಲ್ಲ. ಅದರಲ್ಲಿದ್ದವನು ನನ್ನ ತಮ್ಮ ಕ್ಲಿಯೋಫಸ್.

ಅದು ಹಲವು ವರ್ಷ ಹಿಂದಿನ ಮಾತು, ಅವನಿಗೆ ಆಗ ಹತ್ತೊಂಬತ್ತು. ಮಿಸಿಸಿಪ್ಪಿಯ ನಮ್ಮ ಊರಿನಲ್ಲಿ ಹಾಲ್‌ಕಂಬ್ ಧಣಿಯ ಅರಳೆ ಗಿರಣಿಗೆ ಹತ್ತಿ ತುಂಬುತ್ತಿದ್ದ. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು, ತೋಳಿನ ಹಿಂದೆ ಅವನೂ ಹೋದ. ಅವ್ವ ಹೊಲದಿಂದ ಹೆಗಲ ಮೇಲಿನ ಚೀಲ ಸಮೇತ ಓಡಿಬಂದಳು.

"ಬೆಲ್ಟು ನಿಲ್ಲಿಸ್ರಿ ಧಣೇರ! ನನ್ನ ಮಗಾ ಒಳಗದಾನ!"

"ಮೋಡ ಕಟ್ಟಿದೆ ಓಜಿ. ಮಳೆಗೆ ಮುಂಚೆ ಈ ಮೂರು ಗಾಡಿ ಆಗಬೇಕು," ಅಂದ ಧಣಿ. "ಅವನದು ಮುಗೀತು. ಈಗ ನಿಲ್ಸಿದ್ರೆ ಎದ್ದು ಬರ್ತಾನಾ?"

ಮೂರು ಗಾಡಿ ಮುಗಿಯುವವರೆಗೆ ಬೆಲ್ಟು ತಿರುಗಿತು. ಅಷ್ಟು ಹೊತ್ತೂ ಅವ್ವ ಬಾಗಿಲಲ್ಲಿ ನಿಂತು ನರಳಿದಳು, ನಡುವೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಲಿಲ್ಲ. ಹೊಲದ ಹೆಂಗಸರೆಲ್ಲ ಬಂದು ಹಿಂದೆ ನಿಂತು ದನಿ ಕೊಟ್ಟರು. ಆಮೇಲೆ ವರ್ಷಕ್ಕೊಮ್ಮೆ, ಅದೇ ದಿನ, ಚರ್ಚಿನಲ್ಲಿ ಅವ್ವ ಅದನ್ನು ಎತ್ತುತ್ತಿದ್ದಳು. ಒಮ್ಮೆ ಬಟ್ಟೆ ಹಿಂಡುತ್ತ ನನಗೆ ಹೇಳಿದ್ದಳು, "ನಾ ಹೋದ ದಿನ ನೀನ ಎತ್ತಬೇಕು ಇದನ್ನ. ಬ್ಯಾರೆ ಏನೂ ಬ್ಯಾಡ ನನಗ. ಇದರ ಬೆನ್ನು ಹತ್ತಿ ಅವನ ಹಂತ್ಯಾಕ ಹೋಗತೇನಿ." ನಾನು ಹೂಂ ಅಂದಿದ್ದೆ. ಅಂಥದ್ದನ್ನು ಸ್ಟುಡಿಯೊದಲ್ಲಿ ರೊಟ್ಟಿ ತಿನ್ನುತ್ತ ಉದುರಿಸಿದವಳು ನಾನು.

ನನ್ನ ದನಿಯ ಟೇಪು ಕಪಾಟು ಸೇರಿತು. ಮುಂದಿನ ತಿಂಗಳು ಅದನ್ನು ಹಾಡಲು ಬಿಳಿಯ ಹಾಡುಗಾರ್ತಿ ಮಿಸ್ ಡಾರ್ಲಾ ಬಂದಳು. ಹೊಂಬಣ್ಣದ ಕೂದಲು, ಒಳ್ಳೆಯ ಹುಡುಗಿ, ನನಗೂ ಕುರ್ಚಿ ತರಿಸಿದಳು. ಅವಳಿಗೆ ಅವ್ವನ ನರಳು ಕಲಿಸದಿದ್ದರೆ ಇನ್ನು ಊ ಊ ಅನ್ನುವುದಕ್ಕೂ ಬರಬೇಡ ಅಂದ ಕ್ರೌಸ್. ಮೂರು ದಿನ ಕಲಿಸಿದೆ. ಅವಳು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ದನಿ ಎಲ್ಲಿಂದ ಏಳುತ್ತದೆ ಎಂದು ನೋಡಿದಳು. ಅಷ್ಟುದ್ದ ಎಳೆಯಲು ಅವಳಿಗೆ ಆಗಲಿಲ್ಲ. ನಡುವೆ ಒಂದು ಕಡೆ ಉಸಿರು ತೆಗೆದುಕೊಳ್ಳುವ ಜಾಗ ಮಾಡಿಕೊಟ್ಟೆ, 'ನಿನ್ನ ನನಗೆ ಕೊಡು' ಎಂದು ನಾನೂ ಹಾಗೇ ಹಾಡಿ ತೋರಿಸಿದೆ, ನೂರು ಸಲ, ಇನ್ನೂರು ಸಲ.

"ಇದನ್ನ ಹಾಡುವಾಗ ಯಾರನ್ನ ನೆನೆಸ್ಕೋತೀರಾ?" ಎಂದು ಕೇಳಿದಳು.

"ಬಿಟ್ಟು ಹೋದ ಗಂಡನ್ನ," ಅಂದೆ.

"ಅಯ್ಯೋ ಪಾಪ," ಅಂದು ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದು ನಿಜವಾಗಿಯೇ. ಅದೇ ನನ್ನನ್ನು ಹೆಚ್ಚು ಉರಿಸಿತು.

ಹಾಡು ಹಬ್ಬಿಬಿಟ್ಟಿತು. ಗ್ರಾಮಫೋನ್ ತಟ್ಟೆಯ ಮೇಲೆ ಬರೆದವನ ಹೆಸರು ಕ್ರೌಸ್ ಎಂದಿತ್ತು. ಕಾರಿನಲ್ಲಿ, ಸಾರಾಯಿ ಅಂಗಡಿಯಲ್ಲಿ, ನಾನು ಬಟ್ಟೆ ಒಗೆಯುವ ಹೋಟೆಲಿನ ಒಳಗೂ ಅದೇ. ಅವ್ವನ ಮನೆಯಲ್ಲಿ ರೇಡಿಯೊ ಇಲ್ಲ ಎಂದು ನಾನು ಧೈರ್ಯವಾಗಿದ್ದೆ. ಆದರೆ ಹೊಲ ಮಾಡಲಾಗದ ಮೇಲೆ ಅವ್ವ ಹಾಲ್‌ಕಂಬರ ಅಡುಗೆಮನೆಯಲ್ಲಿದ್ದಳು. ಅಲ್ಲಿ ಧಣಿಯ ಮಗಳು ಮಿಸ್ ಕ್ಯಾರೊಲಿನ್ ಗೆಳತಿಯರನ್ನು ಕರೆದು, ತಟ್ಟೆ ಹಚ್ಚಿ, ಕುಣಿದಳಂತೆ.

ಸುದ್ದಿ ಕೇಳಿ ಆ ಭಾನುವಾರವೇ ಊರಿಗೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

"ಯಾರಿಗೆ ಕೊಟ್ಟಿ ಅದನ್ನ?"

"ಅವ್ವಾ, ನಾ ಕೊಡಲಿಲ್ಲಬೇ. ಅವರು..."

"ಗಿರಣಿ ಅವನ್ನ ತಿಂದಿತ್ತು. ದನಿ ಒಂದು ಉಳಿದಿತ್ತು ನನ್ನ ಹಂತ್ಯಾಕ. ಅದರ ಮ್ಯಾಲೆ ಕುಣ್ಯಾಕತ್ತಾರ."

ಬೈದಿದ್ದರೆ, ಒಲೆಯ ಕಟ್ಟಿಗೆಯಿಂದ ಹೊಡೆದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಎದ್ದು ನನಗೆ ಊಟಕ್ಕೆ ಬಡಿಸಿದಳು. ಆ ವರ್ಷ ಕ್ಲಿಯೋಫಸ್‌ನ ದಿನ ಬಂದಾಗ ಚರ್ಚಿನಲ್ಲಿ ಅವ್ವ ಬಾಯಿ ತೆರೆಯಲಿಲ್ಲ. ಜನವರಿಯಲ್ಲಿ ತೀರಿಕೊಂಡಳು.

ಮಣ್ಣಿಗೆ ಮುಂಚಿನ ದಿನ ಪಾದ್ರಿ ಹಾರ್ಬಿನ್ ನನ್ನನ್ನು ಕರೆಸಿದ. ನಮ್ಮವನೇ. ಅವನ ಚರ್ಚಿನ ಮಾಡು ಹೊದಿಸಿಕೊಟ್ಟವನು ಹಾಲ್‌ಕಂಬ್.

"ದೇವರ ದನಿ ಒಯ್ದು ಕುಡುಕರಿಗೆ ಹಾಕಿದಾಕಿ ನೀ. ನಾಳೆ ಹಾಡಂಗಿಲ್ಲ."

"ನಮ್ಮವ್ವ ಕೇಳಿದ್ದು ಅದೊಂದ ರೀ. ಆಕಿ ನರಳು ಆಕಿಗೆ ಬ್ಯಾಡೇನು?"

"ಅದು ಈಗ ಸೂಳೇರ ಹಾಡು ಆಗೇತಿ. ನನ್ನ ಚರ್ಚಿನ ಹೊಸ್ತಿಲ ದಾಟೂದಿಲ್ಲ. ಧಣೇರು ಮನೀ ಮಂದಿ ಕರಕೊಂಡು ಬರಾವರದಾರ, ನನ್ನ ಮರ್ಯಾದಿ ಕಳೀಬ್ಯಾಡ. ನಾಳೆ ತಪ್ಪಿನ ಬೆಂಚಿನ ಮ್ಯಾಲೆ ಕುಂದರು, ಎಲ್ಲಾರ ಮುಂದ ತಪ್ಪಾತು ಅನ್ನು. ಆಮ್ಯಾಲೆ ಬೇಕಾದ್ರ ಪೆಟ್ಟಿಗಿ ಮುಟ್ಟು."

ಮುಂದಿನ ಸಾಲಿನ ಆ ಬೆಂಚು ಕದ್ದು ಬಸುರಾದವರಿಗೆ, ಕುಡಿದು ಹೊಡೆದಾಡಿದವರಿಗೆ. ಅವ್ವನ ಪೆಟ್ಟಿಗೆಯಿಂದ ಎರಡು ಮಾರು ದೂರದಲ್ಲಿ ಅದರ ಮೇಲೆ ಕೂತೆ. ತಪ್ಪಾಯಿತು ಅಂದೆ. ಯಾರಿಗೆ ಅಂದೆನೋ ಅವಳು ಪೆಟ್ಟಿಗೆಯಲ್ಲಿದ್ದಳು.

ಹಾಲ್‌ಕಂಬರು ಬಲಗಡೆಯ ಮೊದಲ ಸಾಲಿನಲ್ಲಿದ್ದರು. ಪ್ರಾರ್ಥನೆ ಮುಗಿದಾಗ ಮಿಸ್ ಕ್ಯಾರೊಲಿನ್ ಎದ್ದಳು. ಕೈಯಲ್ಲಿ ಕರವಸ್ತ್ರ, ಕಣ್ಣು ಕೆಂಪಾಗಿತ್ತು.

"ಓಜಿ ನಮ್ಮನೆಯವಳ ಥರಾನೇ ಇದ್ಲು. ಅವಳಿಗೊಂದು ಹಾಡು ತುಂಬಾ ಇಷ್ಟ. ಮಿಸ್ ಡಾರ್ಲಾದು. ನಾನು ಹಾಕಿದಾಗೆಲ್ಲ ಸೌಟು ಹಿಡ್ಕೊಂಡು ಹಾಗೇ ನಿಂತುಬಿಡೋಳು. ಅರ್ಜೆಲ್ಲಾ, ನೀನು ಹಾಡ್ತೀಯಂತಲ್ಲ. ಅದನ್ನ ಹಾಡೇ, ಪ್ಲೀಸ್."

ನಾನು ಪಾದ್ರಿಯ ಮುಖ ನೋಡಿದೆ. ಅವನು ಧಣಿಯ ಮುಖ ನೋಡಿದ.

"ಹಾಡು ತಂಗಿ," ಅಂದ. "ಮಿಸ್‌ನೋರು ಕೇಳಾಕತ್ತಾರ."

"ಹೊಸ್ತಿಲ ದಾಟೂದಿಲ್ಲ ಅಂದ್ರಿ?"

"ಹಾಡಂದ್ರ ಹಾಡು!"

ಎದ್ದು ನಿಂತೆ. ಹಿಂದಿನ ಸಾಲುಗಳಲ್ಲಿ ಹತ್ತಿ ಬಿಡಿಸುವ ಹೆಂಗಸರು, ಅಂದು ಗಿರಣಿಯ ಬಾಗಿಲಲ್ಲಿ ಅವ್ವನ ಹಿಂದೆ ನಿಂತವರೇ, ನನ್ನನ್ನೇ ನೋಡುತ್ತಿದ್ದರು. ಮಿಸ್ ಕ್ಯಾರೊಲಿನ್ ಕಡೆ ತಿರುಗಿದೆ.

"ಹಾಡಂಗಿಲ್ರಿ ಮಿಸ್. ಅದು ಡಾರ್ಲಾಂದಲ್ಲ. ನನ್ನ ತಮ್ಮ ನಿಮ್ಮ ಗಿರಣ್ಯಾಗ ಸಿಕ್ಕಾಗ ನಿಮ್ಮಪ್ಪ ಬೆಲ್ಟು ನಿಲ್ಲಿಸಲಿಲ್ಲ. ಮಗನ್ನ ಕೊಡ್ರಿ ಅಂತ ನಮ್ಮವ್ವ ಬಾಗಿಲದಾಗ ನಿಂತು ಒದರಿದ್ದು ಅದು. ಮೂರು ಗಾಡಿ ಹತ್ತಿ ಮುಗೀತನಕ ಒದರಿದಳು. ಅದರ ಮ್ಯಾಲೆ ನೀವು ಕುಣಿದ್ರಿ. ಆಕಿ ಸೌಟು ಹಿಡಕೊಂಡು ನಿಂತಿದ್ದು ಅದಕ್ಕ."

ಮಿಸ್ ಕ್ಯಾರೊಲಿನ್ ಅಪ್ಪನ ಕಡೆ ತಿರುಗಿದಳು. ಹಾಲ್‌ಕಂಬ್ ಟೋಪಿ ಹಾಕಿಕೊಂಡು ಎದ್ದ.

"ಹಾರ್ಬಿನ್, ನಿನ್ನ ಜನರಿಗೆ ಮಾತಾಡೋದು ಕಲಿಸು," ಅಂದು ನಡೆದ. ಮನೆಯವರೆಲ್ಲ ಹಿಂದೆಯೇ ಹೋದರು. ಪಾದ್ರಿ ಬೈಬಲ್ ಮುಚ್ಚಿ ಅವರ ಕಾರಿನ ತನಕ ಓಡಿದ. ಮತ್ತೆ ಒಳಗೆ ಬರಲಿಲ್ಲ.

ಪೆಟ್ಟಿಗೆಯನ್ನು ನಾವೇ ಎತ್ತಿದೆವು. ಲಿಯೋಟಿಸ್ ಒಂದು ಮೂಲೆ, ನಾನು ಒಂದು ಮೂಲೆ, ಉಳಿದ ಕಡೆ ಹೆಂಗಸರು. ಹೊಲದ ಅಂಚಿನ ಸ್ಮಶಾನದಲ್ಲಿ ಬಿಳಿಯರಿರಲಿಲ್ಲ, ಪಾದ್ರಿ ಇರಲಿಲ್ಲ. ಈಗ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

"ಎತ್ತವ್ವ," ಅಂದಳು ಮುದುಕಿ ಸಿಸ್ಟರ್ ನೆಟ್ಟಿ. "ನಾವು ಅದೇವಿ."

ಕಣ್ಣು ಮುಚ್ಚಿ ಹೊಟ್ಟೆಯಿಂದ ಎತ್ತಿದೆ. ದನಿ ಎದ್ದಿತು, ಹಿಂದಿನಿಂದ ಹೆಂಗಸರು ಹಿಡಿದುಕೊಂಡರು, ನೆಲ ಅದುರಿದ ಹಾಗಾಯಿತು. ಅವ್ವಾ, ಹೋಗು, ಅವನ ಹತ್ತಿರ ಹೋಗು ಅಂದುಕೊಂಡೆ. ಅಷ್ಟರಲ್ಲಿ ನಡುವೆ, ಡಾರ್ಲಾಳಿಗೆ ನಾನೇ ಜಾಗ ಮಾಡಿಕೊಟ್ಟಲ್ಲಿ, ನನ್ನ ಉಸಿರು ತಾನಾಗಿ ಮುರಿಯಿತು. ಮತ್ತೆ ಬಾಯಿ ತೆರೆದಾಗ ಬಂದದ್ದು, "ನಿನ್ನ ನನಗೆ ಕೊಡು..."

ಹೆಂಗಸರ ದನಿ ನಿಂತುಬಿಟ್ಟಿತು.

ಮೊದಲಿಂದ ಎತ್ತಿದೆ. ಮತ್ತೆ ಅಲ್ಲೇ ಮುರಿಯಿತು. ಮತ್ತೆ ಎತ್ತಿದೆ. ನನ್ನ ಗಂಟಲಿನಲ್ಲಿ ಅವ್ವನದು ಇರಲಿಲ್ಲ. ಎಲ್ಲಿ ಹುಡುಕಿದರೂ ಆ ಹುಡುಗಿಯದೇ ಸಿಗುತ್ತಿತ್ತು. ಸಿಸ್ಟರ್ ನೆಟ್ಟಿ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಉಳಿದವರು ಹಿಡಿಯಲು ಒಂದು ದನಿ ಸಿಕ್ಕೀತೆಂದು ಕಾದರು. ಕಾದೇ ಕಾದರು. ಗುಂಡಿಯ ಪಕ್ಕ ಗುದ್ದಲಿ ಹಿಡಿದು ನಿಂತವನು ನನ್ನ ಕಡೆ ನೋಡಿದ.

"ಮುಚ್ಚಪ್ಪ," ಅಂದೆ.