ತಾಮ್ರದ ಹೆಬ್ಬಟ್ಟು

ಹುನಗುಂದದ ಬಸ್ ಸ್ಟ್ಯಾಂಡಿನ ಎದುರು ಅಹ್ಮದಸಾಬರ ರೇಡಿಯೊ ಅಂಗಡಿ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಸ್ಟೂಲು. ಹನ್ನೊಂದು ವರ್ಷ ಆ ಸ್ಟೂಲಿನ ಮೇಲೆ ಕೂತವನು ಕನಕಪ್ಪ. ಅವನು ಸತ್ತು ಎರಡು ತಿಂಗಳಾದರೂ ತಮ್ಮ ಹುಲ್ಲಪ್ಪ ನಿಂತೇ ಕೆಲಸ ಮಾಡುತ್ತಿದ್ದ. ಕೂತರೆ ಯಾರದೋ ತೊಡೆಯ ಮೇಲೆ ಕೂತಂತಾಗುತ್ತಿತ್ತು.

"ಇವತ್ತ ಸಂಜಿ ನಾಕರೊಳಗ ಒಂದ ಆಂಪ್ಲಿಫೈಯರ್ ಬೋರ್ಡ್ ಮಾಡಿ ನುಡಿಸಿ ತೋರ್ಸಲೇ ಹುಲ್ಲ್ಯಾ," ಎಂದಿದ್ದರು ಸಾಬರು. "ನುಡೀತಂದ್ರ ಮೇಜ ನಿಂದು. ಇಲ್ಲಂದ್ರ ಬಾಗಲಕೋಟಿಯಿಂದ ಒಬ್ಬಾಂವ ಬರ್ತಾನ. ಐಟಿಐ ಪಾಸಾಗ್ಯಾನಂತ."

ಐಟಿಐ! ಏಳನೇ ಇಯತ್ತೆಗೆ ಸಾಲಿ ಬಿಟ್ಟ ಹುಲ್ಲಪ್ಪನ ಮೈ ಉರಿಯಿತು. ಸರ್ಟಿಫಿಕೇಟು ತಂತಿ ಬೆಸೆಯುತ್ತದೇನು? ಕೈ ಕಾಣುವುದಿಲ್ಲ ಈ ಮಂದಿಗೆ, ಕಾಗದ ಕಾಣುತ್ತದೆ. ಹೀಗೆ ಹಲ್ಲು ಕಡಿಯುವಾಗಲೇ ತನ್ನದೇ ಮಾತು ನೆನಪಾಯಿತು.

ಎರಡು ತಿಂಗಳ ಹಿಂದೆ ಮುಂಬಯಿಯಿಂದ ಟ್ರಾನ್ಸಿಸ್ಟರುಗಳ ಪಾರ್ಸಲ್ ಬಂದಿತ್ತು. ಪೋಸ್ಟಮನ್ ಮುಂದೆ ಕನಕಪ್ಪ ಎಂದಿನಂತೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡ. ಅಂಗಡಿ ತುಂಬ ಗಿರಾಕಿಗಳು. ಯಾವುದೋ ಸಣ್ಣ ಜಗಳದ ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹುಲ್ಲಪ್ಪ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ: "ಹೆಬ್ಬಟ್ಟಿನ ಗಿರಾಕಿ ನೀ. ನಿನಗೇನ್ ತಿಳಿತೈತಿ?"

ಕನಕಪ್ಪ ಹೆಬ್ಬಟ್ಟು ಒತ್ತಿ ಪಾರ್ಸಲ್ ಇಸಕೊಂಡ. ಸಂಜೆವರೆಗೂ ಮೇಜಿಗೆ ಬೆನ್ನು ಬಾಗಿಸಿ ಏನೋ ಮಾಡುತ್ತ ಕೂತ. ಮರುದಿನ ಕೆರೂರ ಸಂತೆಯಲ್ಲಿ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೌಡ್‌ಸ್ಪೀಕರಿನ ಪೆಟ್ಟಿಗೆ ಮುಟ್ಟಿದವನನ್ನು ಕರೆಂಟು ಬಿಡಲಿಲ್ಲ.

ಬೋರ್ಡಿಗೆ ಬೇಕಾದ, ತಾಮ್ರ ಅಂಟಿಸಿದ ಹಾಳೆ ಹುಬ್ಬಳ್ಳಿಯಿಂದ ಬಂದಿರಲಿಲ್ಲ. ಮೇಜಿನ ಖಾನೆ ತಡಕಿದಾಗ ಪೇಪರಿನಲ್ಲಿ ಸುತ್ತಿದ ಒಂದು ತುಂಡು ಸಿಕ್ಕಿತು. ಅದರ ಮೇಲೆ ಕಸಬರಿಗೆ ಕಡ್ಡಿಯಿಂದ, ಕೆಂಪು ಉಗುರುಬಣ್ಣದಲ್ಲಿ, ಆಂಪ್ಲಿಫೈಯರಿನ ಗೆರೆಗಳೆಲ್ಲ ಆಗಲೇ ಬರೆದಾಗಿತ್ತು. ಅಣ್ಣನ ಕೈ. ಪೇಪರಿನ ತಾರೀಖು ಹುಲ್ಲಪ್ಪ ಆ ಮಾತು ಅಂದ ದಿನದ್ದು.

ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡಿನ ಕಂದು ನೀರು ಹಾಕಿ ಬೋರ್ಡು ಮುಳುಗಿಸಿದ. ಬಣ್ಣದ ಕೆಳಗಿನ ತಾಮ್ರ ಉಳಿಯಬೇಕು, ಮಿಕ್ಕಿದ್ದು ಕರಗಬೇಕು. ಹೊರಗೆ ಸುಡುವ ಬಿಸಿಲು. ತಟ್ಟೆ ಅಲುಗಿಸುತ್ತಿದ್ದಂತೆ ಬಯಲು ಜಾಗದಲ್ಲಿ, ಎರಡು ಗೆರೆಗಳ ನಡುವೆ, ಏನೋ ಕರಗದೆ ನಿಂತಿತು. ಸುತ್ತಿನೊಳಗೆ ಸುತ್ತು, ಅದರೊಳಗೊಂದು ಸುತ್ತು. ನೀರಿನ ತಳದಿಂದ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ.

ಹುಲ್ಲಪ್ಪ ಹಿಂದೆ ಸರಿದ. ಸ್ಟೂಲು ತಾನಾಗಿ ಕಿರುಗುಟ್ಟಿದ ಹಾಗಾಯಿತು.

"ತಾಮ್ರಕ್ಕ ಬಟ್ಟ ತಾಗಿಸಬ್ಯಾಡಲೇ ತಮ್ಮಾ, ಅದು ಮರೆಂಗಿಲ್ಲ," ಎಂದು ಕಲಿಸಿದವನೇ ಕನಕಪ್ಪ. ಬೋರ್ಡಿನ ಅಂಚು ಬಿಟ್ಟು ಬೇರೆಡೆ ಎಂದೂ ಮುಟ್ಟದವನು. ಅವತ್ತು ಮಾತ್ರ ಬೆಸೆಯುವ ರಾಳ ಮೆತ್ತಿದ ಹೆಬ್ಬೆರಳನ್ನು ನಟ್ಟನಡುವೆ, ಬೇಕಂತಲೇ ಒತ್ತಿದ್ದ; ರಾಳ ತಾಗಿದಲ್ಲಿ ತಾಮ್ರ ಕರಗಿರಲಿಲ್ಲ.

ಮೂರೂಕಾಲು. ಗುರುತು ಎರಡೂ ಗೆರೆಗಳಿಗೆ ತಾಗಿತ್ತು. ಒಂದು ದನಿ ಒಳಗೆ ಬರುವ ಗೆರೆ, ಇನ್ನೊಂದು ಅರ್ಥಿಂಗು. ಎರಡೂ ಕೂಡಿದರೆ ಬೋರ್ಡು ಮೂಗ. ಮೇಜು ಬೇಕಾದರೆ ಅಣ್ಣನ ಹೆಬ್ಬಟ್ಟು ಕೆರೆಯಬೇಕು. ಹುಲ್ಲಪ್ಪ ಬೋರ್ಡು ಎತ್ತಿ ತೊಳೆದು ಬ್ಲೇಡು ತಗೊಂಡ.

"ಏನ್ ಕೆರಿಯಾಕತ್ತೀಯೋ ಯಪ್ಪಾ?" ಬುತ್ತಿ ತಂದ ತಾಯಿ ರೇಣವ್ವ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಂದು ಬಗ್ಗಿದಳು. ಮನೆಯಲ್ಲಿ ಕನಕಪ್ಪನ ಒಂದು ಫೋಟೊ ಕೂಡ ಇರಲಿಲ್ಲ. "ಕುರಿ ಕತ್ತರಿ ಬಡದದ್ದಲ್ಲೇನೋ ಇದು? ಬೀರಪ್ಪನಾಣಿ, ನನ್ನ ಕೂಸಿನ ಬಟ್ಟ!"

ಹೆಬ್ಬಟ್ಟಿನ ಅಡ್ಡಕ್ಕೆ ಒಂದು ಬೋಳು ಗೆರೆ. ಎಳೆತನದಲ್ಲಿ ಉಣ್ಣೆಯ ಕತ್ತರಿ ಸೀಳಿದ ಗಾಯದ ಕಲೆ. ಹುಲ್ಲಪ್ಪನ ಕೈ ನಿಂತಿತು. ಬ್ಲೇಡು ಬಿಟ್ಟು, ಎರಡೂ ಗೆರೆಗಳು ಕೂಡಿವೆಯೇ ಎಂದು ಮೀಟರು ಹಚ್ಚಿದ. ಮುಳ್ಳು ಅಲುಗಲಿಲ್ಲ. ಕಲೆ ಇದ್ದಲ್ಲಿ ತಾಮ್ರ ಪೂರ್ತಿ ಕರಗಿ, ಒಂದು ಗೆರೆಯನ್ನು ಇನ್ನೊಂದರಿಂದ ಬೇರೆ ಮಾಡಿತ್ತು.

ತೂತು ಕೊರೆದ, ಬಿಡಿಭಾಗ ಕೂರಿಸಿದ, ರಾಳದ ಹೊಗೆಯಲ್ಲಿ ಕಣ್ಣು ಉರಿಯುತ್ತ ಬೆಸೆದ. ಸಾಬರು ಬಂದಾಗ ನಾಲ್ಕಕ್ಕೆ ಎರಡು ನಿಮಿಷ. ಸ್ವಿಚ್ಚು ಒತ್ತಿದರು. ಸ್ಪೀಕರು ಸುಮ್ಮನಿತ್ತು.

"ಸತ್ತೈತೇನಲೇ?"

ಹುಲ್ಲಪ್ಪ ಉತ್ತರಿಸುವುದರೊಳಗೆ ರೇಣವ್ವ ಕೈಚಾಚಿ, ತನ್ನ ಹೆಬ್ಬೆರಳನ್ನು ಹಿರಿಮಗನ ಹೆಬ್ಬಟ್ಟಿನ ಮೇಲೆ ಇಟ್ಟಳು.

"ಯವ್ವಾ, ಬ್ಯಾಡಾ!" ಹುಲ್ಲಪ್ಪ ಕಿರುಚಿದ.

ಸ್ಪೀಕರು ಗುಂಯ್ ಎಂದಿತು. ಬಾಯಿಮುಚ್ಚಿಕೊಂಡು ಯಾರೋ ದನಿ ತೆಗೆದಂತೆ, ಎದೆಯಾಳದ ದನಿ. ಅವಳು ಬೆರಳೆತ್ತಿದಳು, ನಿಂತಿತು. ಇಟ್ಟಳು, ಮತ್ತೆ ಬಂತು.

"ಹನ್ನೆರಡ ವೋಲ್ಟ್, ಹೆದರಬ್ಯಾಡ," ಎಂದರು ಸಾಬರು. ಅವರ ದನಿಯೂ ಇಳಿದಿತ್ತು. "ದನಿ ಬರೋ ಗೆರಿಗಿ ಮೈ ತಾಗಿದ್ರ ಗುಂಯ್ ಅಂತೈತಿ. ಬೋರ್ಡ್ ಛಲೋ ಐತಿ. ಮೇಜ ನಿಂದು. ಮೂಲ್ಯಾಗ ನಿನ್ ಹೆಸರ ಕೊರಿ."

ಹುಲ್ಲಪ್ಪ ಮೊಳೆ ಎತ್ತಿಕೊಂಡ. ತಾಮ್ರವನ್ನು ನೋಡಿದ.

"ಸಹಿ ಆಗೇತ್ರಿ," ಎಂದು ಮೊಳೆ ಕೆಳಗಿಟ್ಟ.

ಸ್ಟೂಲು ಎಳೆದು ತಾಯಿಯನ್ನು ಕೂರಿಸಿದ. ತಾನು ನಿಂತೇ ಇದ್ದ. ಅವಳು ಬೆರಳು ತೆಗೆಯಲಿಲ್ಲ, ದನಿ ನಿಲ್ಲಲಿಲ್ಲ.