ಹುಳಿ ಎಷ್ಟು ಹಿಡಿ

"ಇಪ್ಪತ್ನಾಲ್ಕು ಗ್ರಾಂ!" ತಕ್ಕಡಿಯ ಅಂಕಿ ಓದಿ ಇಂತಿಸಾರ್ ಹುಬ್ಬೇರಿಸಿದಳು. "ಯಮ್ಮಾ, ಐದು ಸಲ ಹಾಕಿದ್ರೂ ಇಪ್ಪತ್ನಾಲ್ಕೇ. ತಕ್ಕಡಿ ನುಂಗಿದ್ಯೇನು ನೀನು?"

"ತಕ್ಕಡಿ ಸುಳ್ಳು ಹೇಳ್ಬಹುದು, ಕೈ ಹೇಳಲ್ಲ," ಎಂದಳು ಎಪ್ಪತ್ತೆಂಟರ ತಾಯಿ ತಮಾಮ್. ಅವಳ ಮುಂದಿನ ತಟ್ಟೆಯಲ್ಲಿ ಕೈಯಲ್ಲೇ ಉಜ್ಜಿದ ಝಾತರ್ ಎಲೆಯ ಪುಡಿ ಹಸಿರಾಗಿ ಗುಡ್ಡೆಬಿದ್ದಿತ್ತು.

ಎಲೆ, ಎಳ್ಳು, ಹುಳಿ ಸೇರಿಸಿ ತಮಾಮ್ ಬೆರೆಸಿದ ಝಾತರ್ ಪುಡಿ ಎಂದರೆ ಅಜ್ಲೂನ್ ಊರಿನಲ್ಲಿ ರೊಟ್ಟಿಗೆ ಎಣ್ಣೆ ಹಚ್ಚಿಕೊಂಡು ಕಾದು ಕೂರುವವರಿದ್ದರು. ಅಳತೆ ಕೇಳಿದರೆ ಮಾತ್ರ ಒಂದೇ ಉತ್ತರ: ಹಿಡಿ. ಎಲೆ ಎಷ್ಟು, ಎಳ್ಳು ಎಷ್ಟು ಎಂದು ನೋಡಿದವರಿದ್ದರು. ಸುಮಾಕ್ ಹುಳಿಪುಡಿ ಹಾಕುವಾಗ ಮಾತ್ರ ಮಗಳನ್ನೂ ಹೊರಗೆ ಕಳಿಸಿಬಿಡುತ್ತಿದ್ದಳು, ಜಂಭದ ಮುದುಕಿ.

ಕಳೆದ ಚಳಿಗಾಲದಿಂದ ಅವಳಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲಿನ ಹಾಲು, ನೆರೆಯವರ ಹೆಸರು, ಗಂಡ ಸತ್ತ ಸಂಗತಿ, ಒಂದೊಂದೇ ಜಾರಿದವು. ಅದಕ್ಕೇ ಇಂತಿಸಾರ್ ಗಂಡನ ಮನೆಯಿಂದ ಅಡುಗೆ ತಕ್ಕಡಿ ಹೊತ್ತು ತಂದಿದ್ದಳು. ಹಿಡಿಗಳೆಲ್ಲ ಗ್ರಾಂ ಆಗಿ ಕಾಗದದ ಮೇಲೆ ಕೂತರೆ ಅಮ್ಮ ಹೋದ ಮೇಲೂ ಅಮ್ಮನ ರುಚಿಯಾದರೂ ಉಳಿದೀತು ಎಂಬ ಆಸೆ. ಹುಳಿಯ ಗುಟ್ಟನ್ನೂ ಹೇಳುತ್ತೇನೆಂದು ತಮಾಮ್ ಬೆಳಿಗ್ಗೆ ಒಪ್ಪಿದ್ದಳು. ಆದರೆ ಹುಳಿ ಕೊನೆಗೇ ಹಾಕುವುದು, ಆಗಲೇ ಹೇಳುವುದು ಎಂದು ಹಟ.

ಚಹಾ ಕುಡಿದು ಮತ್ತೆ ಕೂತಾಗ ತಕ್ಕಡಿ ಹನ್ನೊಂದು ತೋರಿಸಿತು. ಮುಂದಿನ ಹಿಡಿ ಒಂಬತ್ತು.

"ಇದೇನ್ ಯಮ್ಮಾ, ಗುಬ್ಬಿಗೆ ಕಾಳು ಹಾಕೋ ಹಾಗೆ! ಮುಷ್ಟಿ ತುಂಬ ತಗೋ."

"ಇಷ್ಟೇ ಹಿಡಿಸೋದು ಯಮ್ಮಾ. ನನ್ನ ಕೈ ಚಿಕ್ಕದು."

ಇಂತಿಸಾರ್ ಗಮನಿಸಲಿಲ್ಲ. ನಮ್ಮ ಅಜ್ಲೂನ್ ಕಡೆ ಮಗಳು ತಾಯಿಯನ್ನು ಕರೆಯುವುದೂ ಯಮ್ಮಾ, ತಾಯಿ ಮಗಳನ್ನು ಕರೆಯುವುದೂ ಯಮ್ಮಾ. ಮುದ್ದಿಗೂ ಅದೇ, ಬೈಗುಳಕ್ಕೂ ಅದೇ. ಅವಳು ಒಂಬತ್ತನ್ನು ಹೊಡೆದುಹಾಕಿ ಸುಮಾಕ್ ಡಬ್ಬಿ ಮುಂದಿಟ್ಟಳು.

"ಎಲೆ ಆಯ್ತು ಬಿಡು. ಹುಳಿ ಎಷ್ಟು ಹಿಡಿ, ಹೇಳು."

ತಮಾಮ್ ಡಬ್ಬಿ ನೋಡಿದಳು, ಮಗಳ ಮುಖ ನೋಡಿದಳು. "ನೀನು ಹೇಳ್ಕೊಟ್ಟೇ ಇಲ್ವಲ್ಲ ಯಮ್ಮಾ. ದೊಡ್ಡೋಳಾಗು, ಹೇಳ್ತೀನಿ ಅಂದೆ. ಹಸ್ನಕ್ಕಂಗೆ ಮಾತ್ರ ಹೇಳ್ದೆ."

ಹಸ್ನಾ ತಮಾಮ್‌ಳ ಅಕ್ಕ. ತೀರಿಕೊಂಡು ನಲವತ್ತು ವರ್ಷವಾಗಿತ್ತು.

ಇಂತಿಸಾರ್‌ಗೆ ಅಮ್ಮ ಯಾರನ್ನು ಕರೆಯುತ್ತಿದ್ದಾಳೆ ಎಂಬುದು ಈಗ ತಿಳಿಯಿತು. ಹಟ ಕೇಳದೆ ಹುಳಿಯಿಂದಲೇ ಶುರು ಮಾಡಬೇಕಿತ್ತು, ಚಹಾಕ್ಕೆ ಏಳಲೇಬಾರದಿತ್ತು. ಅವಳು ಕಾಗದವನ್ನು ಬದಿಗೆ ಸರಿಸಿದ್ದು ಕಂಡು ಮುದುಕಿ ಹೆದರಿದಳು.

"ಸಿಟ್ಟಾಗ್ಬೇಡ ಯಮ್ಮಾ. ಈಗಾದ್ರೂ ಹೇಳು. ದೇವರಾಣೆಗೂ ಯಾರಿಗೂ ಹೇಳಲ್ಲ."

ಇಂತಿಸಾರ್‌ಗೆ ಏನು ಗೊತ್ತು? ಭೂಮಿಯ ಮೇಲೆ ಅದು ಗೊತ್ತಿದ್ದವಳು ಒಬ್ಬಳೇ. ಅವಳೇ ಕೂತು ಕೇಳುತ್ತಿದ್ದಳು. ಇಂತಿಸಾರ್ ಬಾಯಿಗೆ ಬಂದದ್ದನ್ನು ಹೇಳಿದಳು.

"ಒಂದೂವರೆ ಹಿಡಿ, ಯಮ್ಮಾ."

"ಒಂದೂವರೆ." ತಮಾಮ್ ಕಣ್ಣು ಮುಚ್ಚಿ ತುಟಿಯಲ್ಲೇ ಉರುಹೊಡೆಯತೊಡಗಿದಳು. "ಒಂದೂವರೆ, ಒಂದೂವರೆ..." ಆಮೇಲೆ ಡಬ್ಬಿಗೆ ಕೈ ಹಾಕಿ, ಚೂರೂ ಚೆಲ್ಲದಂತೆ ಮುಷ್ಟಿ ಬಿಗಿದು, ಸರಿಯಾಯಿತೇ ಎಂದು ಮಗಳ ಮುಖ ನೋಡಿದಳು.