ಗಾಜಿನಾಚೆಯ ನಗು

"ಬೆಳಿಗ್ಗೆ ಹೊಟ್ಟೆಗೆ ತಿಂದು ಬರಲ್ಲ, ಇಲ್ಲಿ ಬಿದ್ದು ಸಾಯ್ತೀರ, ಆಮೇಲೆ ಕಂಪನಿ ಮೇಲೆ ಗೂಬೆ ಕೂರಿಸ್ತೀರ. ಹಾಕೇ ಸೈನು!"

ಸೀಟಿ ಒಂದು ಕಾಗದವನ್ನು ನನ್ನ ಮೇಜಿನ ಮೇಲೆ ಬಡಿದ. ಅವನು ನಮ್ಮ ಸೂಪರ್‌ವೈಸರ್. ಸದಾ ಕೊರಳಲ್ಲಿ ಸೀಟಿ ನೇತಾಡುವುದರಿಂದ ಆ ಹೆಸರು. ಹೋದ ವಾರ ಸತ್ತವಳಿಗೆ ಮೊದಲಿನಿಂದಲೂ ಮೂರ್ಛೆರೋಗ ಇತ್ತು, ನಾವೆಲ್ಲ ಕಣ್ಣಾರೆ ಕಂಡಿದ್ದೇವೆ ಎಂದು ಕಾಗದದಲ್ಲಿ ಬರೆದಿತ್ತು. ಕೆಳಗೆ ಎಲ್ಲರ ಸಹಿಯೂ ಬಿದ್ದಿತ್ತು. ನನ್ನದೊಂದೇ ಬಾಕಿ.

"ಅವಳಿಗೆ ಮೂರ್ಛೆ ಬಂದಿದ್ದು ನಾನು ನೋಡೇ ಇಲ್ಲ ಸಾರ್."

"ನೀನೇನು ಡಾಕ್ಟರಾ? ಪೊಟ್ಟಣಕ್ಕೆ ಸೂಜಿ ಚುಚ್ಚೋ ಮುಂಡೆ ನೀನು. ನಿಂಗೂ ಮಗಳಿದಾಳೆ, ನೆನಪಿರ್ಲಿ. ಒಂದು ಗಂಟೆ ಬಿಟ್ಟು ಬರ್ತೀನಿ."

ಅವನು ಹೇಳಿದ್ದು ಸುಳ್ಳಲ್ಲ. ಚುಚ್ಚುವುದೇ ನನ್ನ ಕೆಲಸ. ನಮ್ಮಲ್ಲಿ ತಯಾರಾಗುವುದು ಎಳೆಮಕ್ಕಳ ಹಾಲಿನ ಪುಡಿ. ಪೊಟ್ಟಣದಲ್ಲಿ ಆಮ್ಲಜನಕ ಉಳಿದರೆ ಪುಡಿ ವಾಸನೆ ಹೊಡೆಯುತ್ತದೆ. ಅದಕ್ಕೇ ಒಳಗಿನ ಗಾಳಿ ಓಡಿಸಿ ನೈಟ್ರೋಜನ್ ತುಂಬುತ್ತಾರೆ. ಗಂಟೆಗೊಮ್ಮೆ ನಾನು ಕೆಲವು ಪೊಟ್ಟಣ ತಂದು ಮೆಷಿನ್ನಿನ ಸೂಜಿ ಚುಚ್ಚುತ್ತೇನೆ. ಅದು ಒಳಗಿನ ಗಾಳಿಯನ್ನು ಒಂದು ಗುಟುಕು ಹೀರಿ, ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಎರಡು ದಾಟಿದರೆ ಸೀಟಿ ಎದ್ದುಬಿದ್ದು ಓಡಿಬರುತ್ತಾನೆ. ದಿನಾ ಬೆಳಿಗ್ಗೆ ಮೊದಲು ನನ್ನ ಕೋಣೆಯ ಗಾಳಿಯನ್ನೇ ಅದಕ್ಕೆ ಕುಡಿಸಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಇರಬೇಕಾದಷ್ಟು, ಇಪ್ಪತ್ತು ಪಾಯಿಂಟ್ ಒಂಬತ್ತು, ಅಂದರೆ ಮೆಷಿನ್ನು ಆ ದಿನ ನಿಜ ಹೇಳುತ್ತದೆ ಎಂದರ್ಥ.

ನನ್ನ ಕೋಣೆಗೂ ತುಂಬುವ ಕೋಣೆಗೂ ನಡುವೆ ಒಂದು ಗಾಜು, ತೆರೆಯಲು ಬಾರದ್ದು. ಅದರಾಚೆ ಗಿಣಿ ಒಬ್ಬಳೇ ನಿಲ್ಲುತ್ತಿದ್ದಳು. ಬಾಯಿ ಸುಮ್ಮನಿರದ ಹುಡುಗಿ, ಅದಕ್ಕೇ ಗಿಣಿ. ಎಂಟು ಗಂಟೆ ಹೊತ್ತು ನನಗೆ ಇನ್ನೊಂದು ಮುಖ ಅಂತ ಕಾಣುತ್ತಿದ್ದುದು ಅವಳದೊಂದೇ. ಮಾತು ಕೇಳಿಸದು. ಹಾಗಾಗಿ ನಾನು ಖಾಲಿ ಪೊಟ್ಟಣವನ್ನು ಕಿರೀಟದಂತೆ ತಲೆಗಿಟ್ಟು ಸೀಟಿಯ ಹಾಗೆ ಎದೆಯುಬ್ಬಿಸಿ ನಡೆಯುತ್ತಿದ್ದೆ. ಗಿಣಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ತಮಾಷೆಗೆ ಹೆತ್ತ ಮಗಳೇ ನಗುವುದಿಲ್ಲ. "ಅಮ್ಮಾ, ನಿನ್ ಜೋಕಿಗೆ ನೀನೇ ನಕ್ಕೋಬೇಕು" ಅನ್ನುತ್ತಾಳೆ. ಗಿಣಿಗೋ ಕಣ್ಣಲ್ಲಿ ನೀರು ಬರುತ್ತಿತ್ತು.

ಸಂಜೆ ಗೇಟಿನಲ್ಲಿ ಸಿಕ್ಕಾಗ ಮಾತ್ರ ಹಣೆ ಒತ್ತಿಕೊಳ್ಳುತ್ತಿದ್ದಳು. "ತಲೆ ಸಿಡೀತಿದೆ ಕಣಕ್ಕಾ. ಅಷ್ಟೊಂದು ಯಾಕೆ ನಕ್ಕೆ ಅಂತ ನಂಗೇ ಗೊತ್ತಾಗಲ್ಲ."

ಹೋದ ವಾರವೂ ನಗುತ್ತಾ ನಗುತ್ತಾ ಗಾಜಿನ ಕೆಳಗೆ ಬಗ್ಗಿದಳು. ನಕ್ಕು ಸುಸ್ತಾಗಿ ಕೂತಳು ಅಂದುಕೊಂಡೆ. ಏಳಲಿ ಎಂದು, ತಲೆಯ ಮೇಲೆ ಪೊಟ್ಟಣ ಇಟ್ಟುಕೊಂಡೇ ಕಾದೆ.

ಸೀಟಿಯ ಕಾಗದ ಬಂದಂದಿನಿಂದ ನಾನು ಒಬ್ಬಳೇ ಊಟ ಮಾಡುತ್ತೇನೆ. ಸಹಿ ಹಾಕಿದವರು ಡಬ್ಬಿ ಎತ್ತಿಕೊಂಡು ದೂರ ಸರಿಯುತ್ತಾರೆ. ಗೇಟಿನ ಹತ್ತಿರ ಗಿಣಿಯ ತಾಯಿ ಕೂತಿರುತ್ತಾಳೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅದೇ ಮಾತು: "ಏನಾಗಿತ್ತವ್ವಾ ನನ್ ಮಗಳಿಗೆ?"

ಸೀಟಿ ಹೋದ ಮೇಲೆ ಪೊಟ್ಟಣ ತರಲು ತುಂಬುವ ಕೋಣೆಗೆ ಹೋದೆ. ಒಳಗಿನ ಗಾಳಿ ಹೊರಹಾಕುವ ಫ್ಯಾನು ನಿಂತಿತ್ತು. ಹಾಕಿದರೆ ಪುಡಿ ಹಾರುತ್ತದೆ ಎಂದು ಸೀಟಿಯ ಅಪ್ಪಣೆ. ನೈಟ್ರೋಜನ್ ಪೈಪಿನ ಕೀಲು ಬುಸ್ ಎನ್ನುತ್ತಲೇ ಇತ್ತು. ಗಿಣಿಯ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಗಿಣಿ ಬಿದ್ದಲ್ಲಿ ಕುಕ್ಕರಗಾಲಲ್ಲಿ ಕೂತೆ. ಖಾಲಿ ಪೊಟ್ಟಣದ ಬಾಯಿ ಅಗಲಿಸಿ, ನೀರು ಮೊಗೆದಂತೆ ಗಾಳಿ ಮೊಗೆದು ಸೀಲು ಒತ್ತಿದೆ.

"ಇದೇನಕ್ಕಾ, ಖಾಲಿ ಪೊಟ್ಟಣಕ್ಕೆ ಸೀಲಾ?" ಹೊಸಬಳು ಕೇಳಿದಳು.

"ಖಾಲಿ ಅಲ್ಲ ಕಣೇ."

ಎದ್ದಾಗ ತಲೆ ತೇಲಿತು. ಕಾರಣವೇ ಇಲ್ಲದೆ ನಗು ಬಂತು. ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆ.

ಪೊಟ್ಟಣದ ಮೇಲೆ ಬ್ಯಾಚ್ ನಂಬರು ಬರೆಯುವ ಕಡೆ "ಗಿಣಿ ಬಿದ್ದ ಜಾಗ" ಎಂದು ಬರೆದು ಚುಚ್ಚಿದೆ. ಹದಿಮೂರು ಪಾಯಿಂಟ್ ನಾಲ್ಕು. ಉಸಿರಿಗೆ ಸಾಲದ ಗಾಳಿ. ಚೀಟಿ ಹೊರಬರುವ ಹೊತ್ತಿಗೆ ಸೀಟಿ ಬಾಗಿಲಿಗೆ ಅಡ್ಡ ನಿಂತಿದ್ದ. ಚೀಟಿ ಕಿತ್ತು ಓದಿದ, ಪೊಟ್ಟಣದ ಮೇಲಿನ ಬರಹವನ್ನೂ ಓದಿದ.

"ಮೆಷಿನ್ ಕೆಟ್ಟಿದೆ."

"ಹೌದಾ ಸಾರ್? ಹಾಗಾದ್ರೆ ಬೆಳಿಗ್ಗೆಯಿಂದ ಹೋದ ಲಾರಿಗಳನ್ನೆಲ್ಲ ವಾಪಸ್ ಕರೀರಿ. ಎಲ್ಲ ಇದೇ ಮೆಷಿನ್ ಪಾಸ್ ಮಾಡಿದ್ದು."

ಅವನ ಮುಖ ಕಪ್ಪಿಟ್ಟಿತು. "ಲೇ ಹಲ್ಕಾ ಮುಂಡೆ, ರೂಮಿನ ಗಾಳಿ ಅಳೆಯೋಕೆ ಯಾವನೇ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ ಸಾರ್. ಒಂದು ದಿನಾನೂ ಹೇಳ್ಲಿಲ್ಲ."

ಚೀಟಿಯನ್ನು ಹರಿದು ನನ್ನ ಮುಖಕ್ಕೆಸೆದ. ನಾನು ಬಟನ್ ಒತ್ತಿದೆ. ಅಂಥದೇ ಇನ್ನೊಂದು ಬಂತು. ಅವನ ಕಾಗದದಲ್ಲಿ ನನ್ನ ಸಹಿಗೆಂದು ಬಿಟ್ಟಿದ್ದ ಜಾಗಕ್ಕೆ ಅದನ್ನು ಅಂಟಿಸಿದೆ.

"ಹೊರಗೆ ಹೋಗು. ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ಮೊದಲು ಆ ಹೊಸ ಹುಡುಗೀನ ಹೊರಗೆ ಕರೀರಿ ಸಾರ್."

ಅವನು ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಗಾಜಿನ ಕಡೆ ತಿರುಗಿದೆ. ಆಚೆಯಿಂದ ಹೊಸಬಳು ನನ್ನನ್ನೇ ನೋಡುತ್ತಿದ್ದಳು. ನೋಡುತ್ತಾ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಯಾವ ತಮಾಷೆಯನ್ನೂ ಮಾಡಿರಲಿಲ್ಲ.

ಕೂರುವ ಕಬ್ಬಿಣದ ಸ್ಟೂಲನ್ನು ಎರಡೂ ಕೈಯಲ್ಲಿ ಗಾಜಿನತ್ತ ಎತ್ತಿಕೊಂಡೆ.